ರಸಪುರಿ ಮಾವು: ಕೊಳ್ಳುವ ಮುನ್ನ, ತಿನ್ನುವ ಮುನ್ನ

ಮೇ ತಿಂಗಳ ಎರಡನೆಯ ವಾರ ಬಂತೆಂದರೆ ಬೆಂಗಳೂರು, ಮೈಸೂರು, ತುಮಕೂರು, ಕೋಲಾರದ ಹಣ್ಣಿನ ಅಂಗಡಿಗಳಲ್ಲಿ ಎರಡು ರಾಶಿಗಳು ಅಕ್ಕಪಕ್ಕದಲ್ಲಿ ಕಾಣಿಸತೊಡಗುತ್ತವೆ. ಒಂದು ಬಾದಾಮಿ, ಇನ್ನೊಂದು ರಸಪುರಿ. ಬಾದಾಮಿ ಸಾಮಾನ್ಯವಾಗಿ ಗಿರಾಕಿಯ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿರುತ್ತದೆ. ರಸಪುರಿ ಪಕ್ಕಕ್ಕೆ ಸರಿದಿರುತ್ತದೆ, ಸಿಪ್ಪೆಯ ಮೇಲೆ ಉಳಿದ ಹಸಿರಿನಿಂದಾಗಿ ಇನ್ನೂ ಹಣ್ಣಾಗಿಲ್ಲವೇನೋ ಎಂಬಂತೆ ತೋರುತ್ತದೆ. ಈ ಬರಹ ಆ ಎರಡನೆಯ ರಾಶಿಯ ಪರವಾದುದು. ಹಳೆಯ ಮೈಸೂರು ಸೀಮೆಯ ಒಂದು ಮನೆ ಬೇಸಿಗೆಯುದ್ದಕ್ಕೂ ತಿನ್ನಲು ಒಂದೇ ತಳಿಯ ಮಾವನ್ನು ಆರಿಸಿಕೊಳ್ಳಬೇಕಾದರೆ ಅದು ರಸಪುರಿಯೇ ಆಗಬೇಕು ಎಂಬುದು ರುಚಿ, ಆರೋಗ್ಯ ಮತ್ತು ಬೆಲೆ ಮೂರನ್ನೂ ತೂಗಿನೋಡಿ ನಾನು ಬಂದ ತೀರ್ಮಾನ. ಆ ತೀರ್ಮಾನಕ್ಕೆ ಒಂದು ಷರತ್ತು ಮಾತ್ರ ಇದೆ: ಕಾಯಿ ಮರದಲ್ಲಿಯೇ ಪೂರ್ತಿ ಬಲಿತಿರಬೇಕು, ಮತ್ತು ಅವಸರವಿಲ್ಲದೆ ಹಣ್ಣಾಗಿರಬೇಕು. ಈ ಷರತ್ತು ಪೂರೈಸದ ರಸಪುರಿಗಿಂತ ಒಳ್ಳೆಯ ಬಾಳೆಹಣ್ಣು ಮೇಲು.

ಮೊದಲು ಹಣ್ಣಿನ ಸ್ವರೂಪವನ್ನು ಹೇಳಬೇಕು. ರಸಪುರಿ ಮಧ್ಯಮ ಗಾತ್ರದ, ದುಂಡಗೂ ಅಲ್ಲದ ನೀಳವೂ ಅಲ್ಲದ, ತುದಿಯ ಬಳಿ ಸಣ್ಣ ಕೊಕ್ಕಿನಂಥ ಉಬ್ಬು ಇರುವ ಹಣ್ಣು. ಮಹಾರಾಷ್ಟ್ರದ ಪಾಯರಿ ಮಾವನ್ನು ಕಂಡವರಿಗೆ ಇದರ ಹೋಲಿಕೆ ಕೂಡಲೇ ತಿಳಿಯುತ್ತದೆ. ಚೆನ್ನಾಗಿ ಹಣ್ಣಾದಾಗಲೂ ಇದು ಬಾದಾಮಿಯಂತೆ ಒಂದೇ ಸಮನೆ ಹೊಂಬಣ್ಣಕ್ಕೆ ತಿರುಗುವುದಿಲ್ಲ; ತೊಟ್ಟಿನ ಸುತ್ತ, ಭುಜದ ಮೇಲೆ ಹಸಿರು ಛಾಯೆ ಉಳಿಯುತ್ತದೆ. ಆದ್ದರಿಂದ ಇದನ್ನು ಕಣ್ಣಿನಿಂದ ಆರಿಸುವುದಕ್ಕಿಂತ ಮೂಗಿನಿಂದ ಆರಿಸುವುದು ಸರಿಯಾದ ಕ್ರಮ. ತೊಟ್ಟಿನ ಹತ್ತಿರ ಮೂಸಿದಾಗ ಸಿಹಿಯ ಜೊತೆಗೆ ಸ್ವಲ್ಪ ಹುಳಿಯ ಸುಳಿವೂ ಇರುವ ಘಮ ಬರಬೇಕು. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದಾಗ ಇಡೀ ಹಣ್ಣು ಒಂದೇ ರೀತಿ ಮೆತ್ತಗಾಗಿರಬೇಕು. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತು ಎನ್ನುವಂತಿದ್ದರೆ ಅದು ಪೆಟ್ಟು ತಿಂದ ಹಣ್ಣು, ಇಲ್ಲವೇ ಸರಿಯಾಗಿ ಬಲಿಯದ ಕಾಯಿ.

ತಿರುಳು ಕಿತ್ತಳೆ ಮಿಶ್ರಿತ ಹಳದಿ, ಬಹಳ ಮೃದು, ರಸ ತುಂಬಿದ್ದು. ಓಟೆಯ ಸುತ್ತ ಸ್ವಲ್ಪ ನಾರಿದೆ ನಿಜ, ಆದರೆ ಹಲ್ಲಿಗೆ ಸಿಕ್ಕಿ ಕಾಡುವಷ್ಟಿಲ್ಲ. ಸಿಹಿ ಮೊದಲು ಬರುತ್ತದೆ, ಹಿಂದೆಯೇ ತೆಳುವಾದ ಹುಳಿ ಬಂದು ಆ ಸಿಹಿಯನ್ನು ತಿದ್ದುತ್ತದೆ. ರಸಪುರಿಯ ಹೆಚ್ಚುಗಾರಿಕೆ ಇರುವುದು ಈ ಹುಳಿಯಲ್ಲಿ. ಬರೀ ಸಿಹಿಯಾದ ಮಾವು ಎರಡನೆಯ ಹಣ್ಣಿಗೆ ಬೇಸರ ತರಿಸುತ್ತದೆ. ರಸಪುರಿ ಹಾಗಲ್ಲ, ಪ್ರತಿ ಸಲವೂ ನಾಲಗೆ ಹೊಸದಾಗಿ ಎಚ್ಚರಗೊಳ್ಳುತ್ತದೆ. ಇದನ್ನು ಹೋಳು ಮಾಡಿ ತಟ್ಟೆಯಲ್ಲಿ ಜೋಡಿಸಲು ಹೊರಟರೆ ನಿರಾಸೆಯಾಗುವುದು ಖಂಡಿತ, ಏಕೆಂದರೆ ಚಾಕು ತಗುಲಿದ ಕಡೆಯೆಲ್ಲ ರಸ ಸೋರಿ ಹೋಳು ಕುಸಿಯುತ್ತದೆ. ಇದು ಕೈಯಲ್ಲಿ ಹಿಡಿದು, ಎರಡೂ ಅಂಗೈಗಳ ನಡುವೆ ಹಗುರವಾಗಿ ಹೊರಳಿಸಿ, ತೊಟ್ಟಿನ ಭಾಗವನ್ನು ತೆಗೆದು, ಹಿಂಡುತ್ತಾ ಹೀರುವ ಹಣ್ಣು. ಕೊನೆಗೆ ಓಟೆಯನ್ನು ಹೊರತೆಗೆದು ಚೀಪುವುದು ಮಕ್ಕಳ ಪಾಲಿಗೆ ಮಾತ್ರ ಮೀಸಲಾಗಿರಬೇಕಿಲ್ಲ. ಓಟೆಗೆ ಅಂಟಿದ ತಿರುಳಿನಲ್ಲಿಯೇ ಹಣ್ಣಿನ ಅತ್ಯಂತ ಗಾಢವಾದ ರುಚಿ ಇದೆ ಎಂಬುದು ನನ್ನ ನಂಬಿಕೆ.

ಬಾದಾಮಿಯೊಂದಿಗೆ ಹೋಲಿಕೆ ಮಾಡದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಬಾದಾಮಿ ಎಂದೂ ಧಾರವಾಡದ ಕಡೆ ಆಪೂಸು ಎಂದೂ ಕರೆಯುವ ಆಲ್ಫಾನ್ಸೊ ಸಾಮಾನ್ಯ ಹಣ್ಣಲ್ಲ. ಅದರ ತಿರುಳಿನಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ, ಬಣ್ಣ ಗಾಢ ಕೇಸರಿ, ಸಕ್ಕರೆಯ ಅಂಶ ಹೆಚ್ಚು, ಘಮ ಕೋಣೆಯನ್ನೆಲ್ಲ ತುಂಬುವಂಥದ್ದು. ರಸಪುರಿಗಿಂತ ಹೆಚ್ಚು ದಿನ ಇಟ್ಟುಕೊಳ್ಳಲೂಬಹುದು. ಹೋಳು ಮಾಡಿ ಅತಿಥಿಗೆ ಕೊಡಲು, ಪೆಟ್ಟಿಗೆ ಕಟ್ಟಿ ದೂರದ ಊರಿಗೆ ಕಳುಹಿಸಲು ಅದಕ್ಕೆ ಸಾಟಿಯಿಲ್ಲ. ಆದರೆ ಬಾದಾಮಿಗೆ ಒಂದು ಗಂಭೀರ ದೋಷವಿದೆ. ಹೊರಗಿನಿಂದ ನಿಷ್ಕಳಂಕವಾಗಿ ಕಾಣುವ ಹಣ್ಣನ್ನು ಕುಯ್ದಾಗ ಓಟೆಯ ಸುತ್ತ ತಿರುಳು ಬಿಳಿಚಿಕೊಂಡು, ಸ್ಪಂಜಿನಂತೆ ಗಾಳಿಗುಳ್ಳೆಗಳಿಂದ ಕೂಡಿ, ಹುಳಿ ವಾಸನೆ ಹೊಡೆಯುವುದುಂಟು. ಈ ತೊಂದರೆಯನ್ನು ಹೊರಗಿನಿಂದ ಪತ್ತೆ ಹಚ್ಚುವುದು ಕೊಳ್ಳುವವರಿಗೂ ಮಾರುವವರಿಗೂ ಸಾಧ್ಯವಿಲ್ಲ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಾದಾಮಿಯನ್ನು ಬಂಗನಪಲ್ಲಿಯೊಂದಿಗೆ ಕೂಡಿಸಿ ಅರ್ಕಾ ಪುನೀತ್, ಅರ್ಕಾ ಅರುಣ ಎಂಬ ತಳಿಗಳನ್ನು ರೂಪಿಸಿದ್ದಾರೆ. ಅವುಗಳಲ್ಲಿ ಈ ದೋಷ ಇಲ್ಲ. ಹೆಚ್ಚು ಬೆಲೆ ತೆತ್ತು ತಂದ ಡಜನ್ ಬಾದಾಮಿಯಲ್ಲಿ ಕೆಲವನ್ನು ಹೀಗೆ ಎಸೆಯಬೇಕಾಗಿ ಬಂದವರಿಗೆ ರಸಪುರಿಯ ಭರವಸೆ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಒಂದೆರಡು ಬಾರಿ ಬಾದಾಮಿ, ಉಳಿದ ದಿನಗಳಿಗೆ ರಸಪುರಿ ಎಂಬ ಹಂಚಿಕೆ ನನಗೆ ನ್ಯಾಯವೆನಿಸುತ್ತದೆ.

ಉಳಿದ ತಳಿಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳಿದರೆ ಸಾಕು. ನೀಲಂ ಮತ್ತು ದಶಹರಿಗಳ ಸಂಕರದಿಂದ ಬಂದ ಮಲ್ಲಿಕಾ ಜೂನ್ ತಿಂಗಳ ಹಣ್ಣು. ದಪ್ಪ ತಿರುಳು, ತೆಳು ಓಟೆ, ಜೇನಿನಂಥ ಸಿಹಿ. ರಸಪುರಿ ಮುಗಿದ ಮೇಲೆ ಅದರ ಸ್ಥಾನವನ್ನು ತುಂಬಬಲ್ಲ ಹಣ್ಣು ಇದೊಂದೇ ಎನ್ನಬಹುದು. ಬೇನಿಷಾ ಎಂದೂ ಕರೆಯುವ ಬಂಗನಪಲ್ಲಿ ನೋಡಲು ದೊಡ್ಡದು, ಸಿಪ್ಪೆ ಸ್ವಚ್ಛ, ತಿರುಳು ಗಟ್ಟಿ, ಸಿಹಿ ಸೌಮ್ಯ; ಹುಳಿ ಒಗ್ಗದವರಿಗೆ ಹಿಡಿಸುತ್ತದೆ. ಗಿಣಿಮೂತಿಯ ತೋತಾಪುರಿಯನ್ನು ದೋರೆಗಾಯಾಗಿದ್ದಾಗ ಉಪ್ಪು ಖಾರ ಹಚ್ಚಿ ತಿನ್ನುವುದೇ ಸೊಗಸು. ಅದರ ಬಹುಪಾಲು ಬೆಳೆ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಸೇಂದೂರ ಬಣ್ಣದಲ್ಲಿ ಮನಸೆಳೆಯುತ್ತದೆ, ರುಚಿಯಲ್ಲಿ ಅಷ್ಟಿಲ್ಲ. ಮಲಗೋವಾ ಸಿಕ್ಕರೆ ಬಿಡಬಾರದು, ಆದರೆ ಸಿಗುವುದು ಕಡಿಮೆ ಮತ್ತು ಬೆಲೆ ಹೆಚ್ಚು. ಕರಾವಳಿಯ ಅಂಕೋಲೆಯ ಕರಿ ಈಶಾಡ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಪೂರ್ವ ಹಣ್ಣು. ಆ ಭಾಗಕ್ಕೆ ಮೇ ತಿಂಗಳಲ್ಲಿ ಹೋಗುವವರು ಹುಡುಕಿ ತಿನ್ನಬೇಕು.

ಇನ್ನು ಆರಂಭದಲ್ಲಿ ಹೇಳಿದ ಷರತ್ತಿಗೆ ಬರೋಣ. ಮಾವಿನ ರುಚಿಯ ಬಗ್ಗೆ ನಾವು ಆಡುವ ದೂರುಗಳಲ್ಲಿ ಹೆಚ್ಚಿನವು ತಳಿಗೆ ಸಂಬಂಧಿಸಿದವಲ್ಲ, ಕೊಯ್ಲಿಗೆ ಸಂಬಂಧಿಸಿದವು. ಮಾವಿನಕಾಯಿ ಮರದಲ್ಲಿ ಬಲಿಯುವಾಗ ತನ್ನೊಳಗೆ ಪಿಷ್ಟವನ್ನು ಕೂಡಿಡುತ್ತದೆ. ಕಿತ್ತ ನಂತರ ಹಣ್ಣಾಗುವಾಗ ಆ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ, ಹುಳಿಯ ಆಮ್ಲಗಳು ಇಳಿಯುತ್ತವೆ, ಹಸಿರು ಮಾಯವಾಗಿ ಕ್ಯಾರೋಟಿನ್ ಎಂಬ ಹಳದಿ ಕಿತ್ತಳೆ ವರ್ಣದ್ರವ್ಯ ಹೆಚ್ಚುತ್ತದೆ, ಘಮ ಹುಟ್ಟುತ್ತದೆ. ಇವೆಲ್ಲಕ್ಕೂ ಚಾಲನೆ ಕೊಡುವುದು ಹಣ್ಣು ತಾನೇ ಬಿಡುಗಡೆ ಮಾಡುವ ಎಥಿಲೀನ್ ಎಂಬ ಅನಿಲ. ಬಲಿಯದ ಕಾಯಿಯಲ್ಲಿ ಕೂಡಿಟ್ಟ ಪಿಷ್ಟವೇ ಸಾಕಷ್ಟಿರುವುದಿಲ್ಲವಾದ್ದರಿಂದ ಅದಕ್ಕೆ ಯಾವ ಉಪಚಾರ ಮಾಡಿದರೂ ಸಿಪ್ಪೆಗೆ ಬಣ್ಣ ಬರುತ್ತದೆಯೇ ಹೊರತು ತಿರುಳಿಗೆ ಸಿಹಿ ಬರುವುದಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ, ಯುಗಾದಿಯ ಬೇವುಬೆಲ್ಲ ಮುಗಿದ ಬೆನ್ನಲ್ಲೇ, ಹಳದಿಯಾಗಿ ಹೊಳೆಯುವ ರಸಪುರಿಯನ್ನು ಕಂಡರೆ ಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕೆಂದು ನಾನು ಹೇಳುವುದು ಈ ಕಾರಣಕ್ಕಾಗಿ. ನಮ್ಮ ಬಡಾವಣೆಯ ಒಂದು ಅಂಗಡಿಯಲ್ಲಿ ಅಂಥ ಹಣ್ಣನ್ನು ಕೊಂಡು ತಂದಾಗ ಓಟೆಯ ಸುತ್ತ ಬಿಳಿಯ, ರುಚಿಯಿಲ್ಲದ ತಿರುಳು ಸಿಕ್ಕಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಇಂಥ ಹಣ್ಣಿನ ಹಿಂದೆ ಅನೇಕ ವೇಳೆ ಕ್ಯಾಲ್ಸಿಯಂ ಕಾರ್ಬೈಡ್ ಇರುತ್ತದೆ. ತೇವಾಂಶ ತಗುಲಿದಾಗ ಅದರಿಂದ ಅಸಿಟಿಲೀನ್ ಅನಿಲ ಹೊರಬಂದು ಎಥಿಲೀನ್‌ನಂತೆಯೇ ಕಾಯಿಯನ್ನು ಕೆರಳಿಸುತ್ತದೆ; ಜೊತೆಗೆ ಆರ್ಸೆನಿಕ್ ಮತ್ತು ರಂಜಕದ ಹಾನಿಕರ ಅಂಶಗಳೂ ಬರುತ್ತವೆ. ತಲೆಸುತ್ತು, ಬಾಯಾರಿಕೆ, ಬಾಯಿ ಉರಿ, ನುಂಗಲು ಕಷ್ಟ, ವಾಂತಿ ಇವು ಅದರಿಂದ ಆಗಬಹುದಾದ ತೊಂದರೆಗಳೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿದೆ, ಮತ್ತು 2011ರ ನಿಯಮಾವಳಿ ಅದರ ಬಳಕೆಯನ್ನು ನಿಷೇಧಿಸಿದೆ. ಪುಡಿಯ ಪೊಟ್ಟಣಗಳನ್ನು ಬರಿಗೈಯಲ್ಲಿ ಹಿಡಿಯುವ ಮಂಡಿಯ ಕೂಲಿಯಾಳುಗಳಿಗೆ ಆಗುವ ಹಾನಿಯನ್ನು ನಾವು ನೆನೆಯುವುದೇ ಇಲ್ಲ. ನಮ್ಮ ಅವಸರದ ಬೆಲೆಯನ್ನು ಮೊದಲು ತೆರುವವರು ಅವರು. ಇದಕ್ಕೆ ಬದಲಾಗಿ, ನಿಯಂತ್ರಿತ ಕೋಣೆಯಲ್ಲಿ ಹತ್ತು ಲಕ್ಷ ಭಾಗಕ್ಕೆ 100 ಭಾಗ ಮೀರದಂತೆ ಎಥಿಲೀನ್ ಅನಿಲವನ್ನು ಬಳಸಲು ಅನುಮತಿ ಇದೆ. ಎಥಿಲೀನ್ ಕೋಣೆಯಲ್ಲಿ ಮಾಗಿಸಿದ ಹಣ್ಣು ಎಂದರೆ ಹೆದರಬೇಕಾಗಿಲ್ಲ; ಕಾಯಿ ಬಲಿತಿದ್ದರೆ ಅದೂ ಒಳ್ಳೆಯ ಹಣ್ಣೇ.

ಮನೆಯಲ್ಲಿಯೇ ಹಣ್ಣು ಮಾಡಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ, ಮತ್ತು ಅದು ಕಷ್ಟದ ಕೆಲಸವಲ್ಲ. ಬಲಿತ ಕಾಯಿಯನ್ನು ಗುರುತಿಸಲು ತೊಟ್ಟಿನ ಭಾಗವನ್ನು ನೋಡಬೇಕು: ಎರಡೂ ಬದಿಯ ಭುಜಗಳು ತೊಟ್ಟಿಗಿಂತ ಮೇಲೆದ್ದು, ತೊಟ್ಟು ಸಣ್ಣ ಕುಳಿಯೊಳಗೆ ಇಳಿದಂತೆ ಕಂಡರೆ ಕಾಯಿ ಬಲಿತಿದೆ. ಇನ್ನೊಂದು ಪರೀಕ್ಷೆ ರೈತರು ಮಾಡುವಂಥದ್ದು. ಬಕೆಟ್ ನೀರಿಗೆ ಕಾಯಿಗಳನ್ನು ಹಾಕಿದಾಗ ಬಲಿತವು ಮುಳುಗುತ್ತವೆ, ಎಳೆಯವು ತೇಲುತ್ತವೆ. ಮುಳುಗಿದವನ್ನು ಆರಿಸಿ, ಒರೆಸಿ, ಭತ್ತದ ಒಣಹುಲ್ಲಿನ ನಡುವೆ ಒಂದಕ್ಕೊಂದು ಒತ್ತದಂತೆ ಅಡೆ ಹಾಕಬೇಕು. ನಗರದಲ್ಲಿ ಹುಲ್ಲು ಸಿಗದಿದ್ದರೆ ಹಳೆಯ ದಿನಪತ್ರಿಕೆಯ ಹಾಳೆಗಳು ಮತ್ತು ರಟ್ಟಿನ ಪೆಟ್ಟಿಗೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರಿ ಕೊಳೆಯುತ್ತವೆ. ಹಣ್ಣಾಗುವ ಮೊದಲು ಫ್ರಿಜ್ಜಿನಲ್ಲಿ ಇಡಲೇಬಾರದು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಶೀತ ಕಾಯಿಯ ಜೀವಕೋಶಗಳಿಗೆ ಪೆಟ್ಟು ಕೊಡುವುದರಿಂದ ಅದು ಆಮೇಲೆ ಹೊರಗಿಟ್ಟರೂ ಸರಿಯಾಗಿ ಮಾಗುವುದಿಲ್ಲ, ಸಿಪ್ಪೆ ಕಪ್ಪಾಗುತ್ತದೆ. ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಿ, ಮೆತ್ತಗಾದವನ್ನು ಆರಿಸಿ ತಿನ್ನುತ್ತಾ ಹೋದರೆ ಒಂದು ಬುಟ್ಟಿ ಕಾಯಿ ಒಂದು ವಾರದ ಸಂತೋಷವಾಗುತ್ತದೆ. ಹಣ್ಣಾದ ರಸಪುರಿ ಹೆಚ್ಚು ದಿನ ಕಾಯುವುದಿಲ್ಲ. ಇದು ಅದರ ದೊಡ್ಡ ಕೊರತೆ. ದೂರದ ಮಾರುಕಟ್ಟೆಗೆ ಅದು ಹೆಚ್ಚು ಹೋಗದೆ ಇರುವುದಕ್ಕೂ ನಮ್ಮ ಪಾಲಿಗೆ ಇನ್ನೂ ಕೈಗೆಟುಕುವ ಬೆಲೆಯಲ್ಲಿ ಉಳಿದಿರುವುದಕ್ಕೂ ಈ ಕೊರತೆಯೇ ಕಾರಣ.

ದೇಹಕ್ಕೆ ಮಾವಿನಿಂದ ಆಗುವ ಉಪಯೋಗದ ಬಗ್ಗೆ ಹೇಳುವಾಗ ಅತಿರೇಕ ಬೇಡ. ಮಾವು ಔಷಧಿಯಲ್ಲ, ಯಾವ ರೋಗವನ್ನೂ ಗುಣಪಡಿಸುವುದಿಲ್ಲ. ಅದು ಒಳ್ಳೆಯ ಆಹಾರ, ಅಷ್ಟೇ ಸಾಕು. ತಳಿಯಿಂದ ತಳಿಗೆ ವ್ಯತ್ಯಾಸವಿದ್ದರೂ ಸರಾಸರಿಯಾಗಿ 100 ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 83 ಗ್ರಾಂ ನೀರು, 15 ಗ್ರಾಂ ಶರ್ಕರಪಿಷ್ಟ, ಒಂದೂವರೆ ಗ್ರಾಂನಷ್ಟು ನಾರು ಇರುತ್ತದೆ. ಸಿಗುವ ಶಕ್ತಿ 60 ಕ್ಯಾಲೊರಿ. ಅಷ್ಟರಲ್ಲಿಯೇ ಸುಮಾರು 36 ಮಿಲಿಗ್ರಾಂ ಸಿ ಜೀವಸತ್ವ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಪುರುಷರಿಗೆ ದಿನಕ್ಕೆ 80, ಮಹಿಳೆಯರಿಗೆ 65 ಮಿಲಿಗ್ರಾಂ ಬೇಕಾಗಿರುವುದರಿಂದ, ಒಂದು ಸಾಧಾರಣ ರಸಪುರಿಯ ತಿರುಳು ಆ ಅಗತ್ಯದ ಅರ್ಧಕ್ಕಿಂತ ಹೆಚ್ಚನ್ನು ಪೂರೈಸಬಲ್ಲದು. ಇದರ ಬೆಲೆ ತಿಳಿಯಬೇಕಾದರೆ ನಮ್ಮ ಊಟವನ್ನು ನೋಡಬೇಕು. ರಾಗಿ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದೊಂದಿಗೆ ಸಿ ಜೀವಸತ್ವ ಸೇರಿದಾಗ ಹೀರಿಕೆ ಹೆಚ್ಚುತ್ತದೆ. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯದ ಊಟದ ಕೊನೆಯಲ್ಲಿ ಒಂದು ಮಾವಿನಹಣ್ಣು ತಿನ್ನುವ ಕೋಲಾರ, ಮಂಡ್ಯದ ಹಳ್ಳಿಮನೆಯ ರೂಢಿ, ರಕ್ತಹೀನತೆ ಕಾಡುವ ಹೆಣ್ಣುಮಕ್ಕಳಿಗೆ ಸಹಾಯಕವಾದುದು.

ಎರಡನೆಯದು ಕ್ಯಾರೋಟಿನ್. ಮಾವಿನ ಹಳದಿಗೆ ಕಾರಣವಾದ ಬೀಟಾ ಕ್ಯಾರೋಟಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ, ಮತ್ತು ಅದು ಕಣ್ಣಿಗೂ ಚರ್ಮಕ್ಕೂ ರೋಗನಿರೋಧಕ ಶಕ್ತಿಗೂ ಬೇಕಾದದ್ದು. ಕಾಯಿ ಹಣ್ಣಾದಂತೆ ಸಿ ಜೀವಸತ್ವ ಸ್ವಲ್ಪ ಇಳಿಯುತ್ತದೆ, ಕ್ಯಾರೋಟಿನ್ ಏರುತ್ತದೆ; ಆದ್ದರಿಂದ ಮಾವಿನಕಾಯಿ ಚಿತ್ರಾನ್ನಕ್ಕೂ ಮಾವಿನಹಣ್ಣಿನ ಸೀಕರಣೆಗೂ ತಮ್ಮದೇ ಗುಣಗಳಿವೆ. ತಿರುಳಿನ ಬಣ್ಣ ಗಾಢವಾಗಿದ್ದಷ್ಟೂ ಕ್ಯಾರೋಟಿನ್ ಹೆಚ್ಚೆಂದು ಸಾಮಾನ್ಯವಾಗಿ ಹೇಳಬಹುದು, ಮತ್ತು ಈ ಲೆಕ್ಕದಲ್ಲಿ ಬಾದಾಮಿ ರಸಪುರಿಗಿಂತ ಮುಂದಿದೆ ಎಂಬುದನ್ನು ಒಪ್ಪಬೇಕು. ಆದರೆ ಕ್ಯಾರೋಟಿನ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಅದನ್ನು ತಿಂದ ಮಾತ್ರಕ್ಕೆ ಪೂರ್ತಿ ದಕ್ಕುವುದಿಲ್ಲ. ಜೊತೆಯಲ್ಲಿ ಸ್ವಲ್ಪ ತುಪ್ಪವೋ ಹಾಲೋ ಕಾಯಿಹಾಲೋ ಇರಬೇಕು. ರಸಪುರಿಯನ್ನು ನಾವು ತಿನ್ನುವ ಬಗೆಗಳಲ್ಲಿ ಇದು ತಾನಾಗಿಯೇ ಒದಗಿಬರುತ್ತದೆ. ಇವಲ್ಲದೆ ಗರ್ಭಿಣಿಯರಿಗೆ ಅಗತ್ಯವಾದ ಫೋಲೇಟ್, ರಕ್ತದೊತ್ತಡದ ಸಮತೋಲಕ್ಕೆ ಬೇಕಾದ ಪೊಟ್ಯಾಸಿಯಂ, ಮ್ಯಾಂಜಿಫೆರಿನ್ ಮೊದಲಾದ ಪಾಲಿಫಿನಾಲುಗಳೆಂಬ ಸಸ್ಯರಾಸಾಯನಿಕಗಳೂ ಮಾವಿನಲ್ಲಿವೆ. ಮ್ಯಾಂಜಿಫೆರಿನ್ ಸಿಪ್ಪೆಯಲ್ಲಿ, ಎಲೆಯಲ್ಲಿ, ಓಟೆಯಲ್ಲಿ ಹೆಚ್ಚಾಗಿದ್ದು ತಿರುಳಿನಲ್ಲಿ ಕಡಿಮೆಯಾದ್ದರಿಂದ ಅದರ ಹೆಸರಿನಲ್ಲಿ ಮಾವಿಗೆ ಪವಾಡದ ಗುಣಗಳನ್ನು ಆರೋಪಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಸೀಕರಣೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ, ಏಕೆಂದರೆ ರಸಪುರಿಯ ಪೂರ್ಣ ಗುಣ ಪ್ರಕಟವಾಗುವುದು ಅದರಲ್ಲಿ. ಹಣ್ಣುಗಳನ್ನು ಕೈಯಿಂದಲೇ ಹಿಂಡಿ, ಓಟೆಯನ್ನು ಸ್ವಲ್ಪ ಹಾಲಿನಲ್ಲಿ ತೊಳೆದು, ಆ ಹಾಲನ್ನೂ ರಸಕ್ಕೆ ಸೇರಿಸಿ, ಏಲಕ್ಕಿ ಪುಡಿ ಹಾಕಿದರೆ ಸಾಕು. ಮಿಕ್ಸಿಗೆ ಹಾಕಿ ನೊರೆ ಬರಿಸುವ ಅಗತ್ಯವಿಲ್ಲ. ಅಲ್ಲಲ್ಲಿ ಸಿಗುವ ತಿರುಳಿನ ತುಣುಕುಗಳೇ ಸೀಕರಣೆಗೆ ಮೈ ಕೊಡುತ್ತವೆ. ಹಾಲು ಕಾಯಿಸಿ ಪೂರ್ತಿ ಆರಿಸಿದ್ದಾಗಿರಬೇಕು, ಇಲ್ಲದಿದ್ದರೆ ಹಣ್ಣಿನ ಹುಳಿಗೆ ಒಡೆಯುತ್ತದೆ. ಹಣ್ಣು ಸರಿಯಾಗಿ ಬಲಿತು ಮಾಗಿದ್ದರೆ ಸಕ್ಕರೆ ಬೇಕಾಗುವುದಿಲ್ಲ, ತೀರಾ ಬೇಕೆನಿಸಿದರೆ ಸ್ವಲ್ಪ ಬೆಲ್ಲ ಸಾಕು. ಬಟ್ಟಲಿನ ಮೇಲೆ ಮುಚ್ಚುವಷ್ಟು ಸಕ್ಕರೆ ಸುರಿದ ಸೀಕರಣೆಯಲ್ಲಿ ಹಣ್ಣಿನ ರುಚಿಯೂ ಹೋಗುತ್ತದೆ, ಆರೋಗ್ಯದ ಮಾತೂ ಹೋಗುತ್ತದೆ. ಒಲೆಯ ಮೇಲೆ ಇಡದೆ ಮಾಡುವ ಅಡುಗೆಯಾದ್ದರಿಂದ ಶಾಖಕ್ಕೆ ನಾಶವಾಗುವ ಸಿ ಜೀವಸತ್ವ ಇದರಲ್ಲಿ ಉಳಿಯುತ್ತದೆ. ಹಾಲಿನ ಕೊಬ್ಬು ಮತ್ತು ಹೋಳಿಗೆಯ ಮೇಲಿನ ತುಪ್ಪ ಕ್ಯಾರೋಟಿನ್ ದಕ್ಕಿಸಿಕೊಡುತ್ತವೆ. ಚಪಾತಿಯೊಂದಿಗೂ ಇದು ಚೆನ್ನ. ದಕ್ಷಿಣ ಕನ್ನಡ, ಉಡುಪಿಯ ಕಡೆ ಹಾಲಿಗೆ ಬದಲು ಕಾಯಿಹಾಲು, ಬೆಲ್ಲ ಹಾಕಿ ಮಾಡುವ ರಸಾಯನ ಇದರ ಸೋದರಿ, ಮತ್ತು ಹಾಲು ಒಗ್ಗದವರಿಗೆ ಅದೇ ಸೂಕ್ತ. ಮಲೆನಾಡಿನ ಮಾವಿನಹಣ್ಣಿನ ಸಾಸಿವೆಗೆ ಮಾತ್ರ ರಸಪುರಿ ಬೇಡ. ಅದಕ್ಕೆ ನಾರು ತುಂಬಿದ, ಹುಳಿ ಮುಂದಾದ ಕಾಟುಮಾವೇ ಆಗಬೇಕು.

ಯಾರು ಎಚ್ಚರ ವಹಿಸಬೇಕೆಂಬುದನ್ನೂ ಹೇಳಬೇಕು. ಮಧುಮೇಹ ಇರುವವರು ಮಾವನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂಬ ನಿಯಮವೇನೂ ಇಲ್ಲ. ಮಾವಿನ ಗ್ಲೈಸೆಮಿಕ್ ಸೂಚ್ಯಂಕ, ಎಂದರೆ ತಿಂದ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬುದರ ಅಳತೆ, ಸಾಮಾನ್ಯವಾಗಿ 50ರಿಂದ 60ರ ಆಸುಪಾಸಿನಲ್ಲಿದೆ, ಅಂದರೆ ಬಿಳಿ ಅನ್ನಕ್ಕಿಂತ ಕಡಿಮೆ. ಆದರೆ 100 ಗ್ರಾಂ ತಿರುಳಿನಲ್ಲಿ ಸುಮಾರು 14 ಗ್ರಾಂ ಸಕ್ಕರೆ ಇರುವುದರಿಂದ ಪ್ರಮಾಣವೇ ಇಲ್ಲಿ ಮುಖ್ಯ. ಸಕ್ಕರೆ ಹತೋಟಿಯಲ್ಲಿರುವವರು ವೈದ್ಯರನ್ನು ಕೇಳಿಕೊಂಡು, ಅನ್ನದ ಊಟದ ಮೇಲೆ ತಿನ್ನುವ ಬದಲು ಎರಡು ಊಟಗಳ ನಡುವೆ ಅರ್ಧ ಹಣ್ಣನ್ನು, ಕೆಲವು ಬಾದಾಮಿ ಬೀಜ ಅಥವಾ ಶೇಂಗಾದ ಜೊತೆ ತಿನ್ನಬಹುದು. ಆ ದಿನ ಅನ್ನವನ್ನು ಅಷ್ಟು ಕಡಿಮೆ ಮಾಡಿಕೊಳ್ಳಬೇಕು. ರಸ ತೆಗೆದು ಲೋಟಗಟ್ಟಲೆ ಕುಡಿಯುವುದು ಅವರಿಗೆ ಸಲ್ಲದು. ಇಲ್ಲಿ ರಸಪುರಿಗೆ ಒಂದು ಅನನುಕೂಲವಿದೆ: ಹೋಳು ಮಾಡಿದ ಬಾದಾಮಿಯನ್ನು ಅಳತೆಯಿಟ್ಟು ತಿನ್ನುವುದು ಸುಲಭ, ಹಿಂಡಿ ಹೀರುವ ಹಣ್ಣನ್ನು ಅರ್ಧಕ್ಕೆ ನಿಲ್ಲಿಸುವುದು ಕಷ್ಟ. ಬಟ್ಟಲಿಗೆ ಹಿಂಡಿಕೊಂಡು ಚಮಚದಲ್ಲಿ ತಿನ್ನುವುದು ಅವರಿಗೆ ಸರಿಯಾದ ಕ್ರಮ. ಮೂತ್ರಪಿಂಡದ ಕಾಯಿಲೆ ಇದ್ದು ಪೊಟ್ಯಾಸಿಯಂ ಮಿತಿ ಹೇಳಿಸಿಕೊಂಡವರು ವೈದ್ಯರ ಮಾತನ್ನು ಮೀರಬಾರದು.

ಮಾವು ತಿಂದರೆ ಉಷ್ಣ, ಬಾಯಿ ಸುತ್ತ ಹುಣ್ಣಾಗುತ್ತದೆ ಎಂಬ ಮಾತಿಗೆ ಒಂದು ಸ್ಪಷ್ಟವಾದ ಕಾರಣವಿದೆ. ಗೇರಿನ ಕುಲಕ್ಕೆ ಸೇರಿದ ಮಾವಿನ ತೊಟ್ಟಿನಿಂದ ಒಸರುವ ಸೊನೆಯಲ್ಲಿ ಚರ್ಮವನ್ನು ಸುಡುವ, ಕೆಲವರಲ್ಲಿ ಅಲರ್ಜಿಯ ಬೊಕ್ಕೆಗಳನ್ನೆಬ್ಬಿಸುವ ವಸ್ತುಗಳಿವೆ. ಹೀರಿ ತಿನ್ನುವ ಹಣ್ಣಾದ ರಸಪುರಿಯ ಸಿಪ್ಪೆ ತುಟಿಗೆ ತಗುಲುವುದರಿಂದ ಇದರಲ್ಲಿ ಎಚ್ಚರ ಹೆಚ್ಚು ಬೇಕು. ಹಣ್ಣುಗಳನ್ನು ಒಂದು ಗಂಟೆ ನೀರಿನಲ್ಲಿ ನೆನೆಹಾಕಿ, ಕೈಯಿಂದ ಉಜ್ಜಿ ತೊಳೆದು, ತೊಟ್ಟಿನ ಭಾಗವನ್ನು ಧಾರಾಳವಾಗಿ ಕತ್ತರಿಸಿ ತೆಗೆದರೆ ಸೊನೆಯೂ ಧೂಳೂ ಹೋಗುತ್ತವೆ. ಅಜ್ಜಿಯರು ಬಕೆಟ್ಟಿನಲ್ಲಿ ಮಾವು ನೆನೆಹಾಕುತ್ತಿದ್ದುದು ಅತ್ಯಂತ ಸರಿಯಾದ ಪದ್ಧತಿ.

ಎಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ, ಬೆಳೆದವರ ಕೈಯಿಂದ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವೂ ತೋಟಗಾರಿಕೆ ಇಲಾಖೆಯೂ ಸೇರಿ ನಡೆಸುವ ಮಾವು ಮೇಳ ಇದಕ್ಕೆ ಅತ್ಯುತ್ತಮ ಅವಕಾಶ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಕಡೆಗಳ ರೈತರು ತಾವೇ ಮಳಿಗೆಯಲ್ಲಿ ನಿಂತು ಮಾರುತ್ತಾರೆ. ಕಾರ್ಬೈಡ್ ಬಳಸದ ಹಣ್ಣೇ ಮಾರಾಟವಾಗಬೇಕೆಂಬುದು ಅಲ್ಲಿನ ಮೂಲ ನಿಯಮ. ಕಾಯಿ ಎಂದು ಕಿತ್ತದ್ದು, ಎಷ್ಟು ದಿನಕ್ಕೆ ಹಣ್ಣಾಗುತ್ತದೆ ಎಂದು ಕೇಳಿದರೆ ನಿಖರವಾದ ಉತ್ತರ ಸಿಗುವ ಸ್ಥಳ ಇದು, ಮತ್ತು ಆ ಒಂದು ಮಾತುಕತೆಗಾಗಿಯೇ ಅಲ್ಲಿಗೆ ಹೋಗಬಹುದು. ಅದೇ ನಿಗಮದ ಅಂತರ್ಜಾಲ ತಾಣದಲ್ಲಿ ರೈತರಿಗೆ ನೇರವಾಗಿ ಬೇಡಿಕೆ ಸಲ್ಲಿಸಿ, ಅಂಚೆ ಇಲಾಖೆಯ ಮೂಲಕ 3 ಕಿಲೋ ಪೆಟ್ಟಿಗೆಗಳನ್ನು ಬೆಂಗಳೂರಿನ ಮನೆಗಳಿಗೆ ತರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಓಡಾಡಲಾಗದ ಹಿರಿಯರಿಗೆ ಇದು ದೊಡ್ಡ ಉಪಕಾರ. ನಿತ್ಯದ ಖರೀದಿಗೆ ಹಾಪ್‌ಕಾಮ್ಸ್ ಮಳಿಗೆಗಳಿವೆ. ಬೀದಿಬದಿಯಲ್ಲಿ ಕೊಳ್ಳುವುದಾದರೆ ಪೂರ್ತಿ ಹಣ್ಣಾದುದಕ್ಕಿಂತ ದೋರೆಗಾಯಿ ಅಥವಾ ಬಲಿತ ಕಾಯಿಯನ್ನು ಕೊಂಡು ಮನೆಯಲ್ಲಿ ಮಾಗಿಸುವುದು ಕ್ಷೇಮ.

ಬೆಲೆಯ ಬಗ್ಗೆ ಹೇಳುವುದಾದರೆ, ವರ್ಷದಿಂದ ವರ್ಷಕ್ಕೆ ಏರಿಳಿತ ಇದ್ದೇ ಇರುತ್ತದೆ, ಏಕೆಂದರೆ ಮಾವಿನ ಮರಗಳು ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಸೊರಗುವುದು ಸಹಜ, ಹೂವಿನ ಕಾಲದ ಮಳೆಯೂ ಬಿಸಿಲೂ ಬೆಳೆಯನ್ನು ಬದಲಿಸುತ್ತವೆ. ಆದರೂ ಬಾದಾಮಿಗಿಂತ ರಸಪುರಿ ಸಾಮಾನ್ಯವಾಗಿ ಅಗ್ಗ, ಮತ್ತು ಎಸೆಯಬೇಕಾಗುವ ಹಣ್ಣು ಕಡಿಮೆಯಾದ್ದರಿಂದ ಆ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ತೀರಾ ಕಡಿಮೆ ಬೆಲೆಗೆ ಚೌಕಾಸಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಾಯಿ ಬಲಿಯುವವರೆಗೆ ಮರದಲ್ಲಿ ಬಿಡುವ ರೈತ ಗಾಳಿಮಳೆಗೆ ಉದುರುವ ನಷ್ಟವನ್ನು ತಾನೇ ಹೊರುತ್ತಾನೆ. ಮೊದಲು ಮಾರುಕಟ್ಟೆಗೆ ತಂದವರಿಗೆ ಹೆಚ್ಚು ಬೆಲೆ ಸಿಗುವವರೆಗೆ ಎಳೆಗಾಯಿ ಕೀಳುವುದು ನಿಲ್ಲುವುದಿಲ್ಲ. ಕಾದು ಕಿತ್ತ ಹಣ್ಣಿಗೆ ನಾಲ್ಕು ರೂಪಾಯಿ ಹೆಚ್ಚು ಕೊಡುವ ಗಿರಾಕಿಗಳು ಹೆಚ್ಚಾದರೆ ಮಾತ್ರ ಈ ಪರಿಸ್ಥಿತಿ ಬದಲಾದೀತು.

ವಿದೇಶದಲ್ಲಿರುವ ಕನ್ನಡಿಗರಿಗೆ ರಸಪುರಿ ಸಿಗುವುದು ಅಪರೂಪ. ಅಮೆರಿಕವು 2007ರಿಂದ ವಿಕಿರಣದಿಂದ ಸಂಸ್ಕರಿಸಿದ ಭಾರತೀಯ ಮಾವನ್ನು ಬರಮಾಡಿಕೊಳ್ಳುತ್ತಿದೆಯಾದರೂ ಅಲ್ಲಿಗೆ ಹೋಗುವುದು ಬಹುತೇಕ ಆಪೂಸು, ಕೇಸರ್, ಬಂಗನಪಲ್ಲಿಗಳು. ಆದ್ದರಿಂದ ಊರಿಗೆ ಬರುವ ಯೋಜನೆ ಇರುವವರು, ಶಾಲೆಯ ರಜೆಯ ಅನುಕೂಲವಿದ್ದರೆ, ಮೇ ಕೊನೆಯ ವಾರಕ್ಕೆ ಟಿಕೆಟ್ ಮಾಡಿಕೊಳ್ಳುವುದು ಒಳ್ಳೆಯದು. ರಾಮನಗರ, ಮಾಗಡಿ, ಕನಕಪುರದ ಹಣ್ಣು ಮೊದಲು ಬರುತ್ತದೆ. ಶ್ರೀನಿವಾಸಪುರ, ಚಿಂತಾಮಣಿ ಕಡೆಯದು ಅದರ ಹಿಂದೆ ಬಂದು ಜೂನ್‌ವರೆಗೂ ಇರುತ್ತದೆ. ಮುಂಗಾರು ಬಲವಾಗಿ ಹಿಡಿದ ಮೇಲೆ ಸಿಗುವ ರಸಪುರಿಯಲ್ಲಿ ನೀರು ಹೆಚ್ಚಾಗಿ ಸಿಹಿ ತೆಳುವಾಗುತ್ತದೆ, ರೈತರು ಊಜಿ ಎನ್ನುವ ಹಣ್ಣುನೊಣದ ಹುಳುಗಳೂ ಕಾಣಿಸಿಕೊಳ್ಳುತ್ತವೆ; ಹೊರಗೆ ಸೂಜಿ ಚುಚ್ಚಿದಂಥ ಗುರುತು, ಅದರ ಸುತ್ತ ಮೆತ್ತಗಾದ ಕಂದು ಮಚ್ಚೆ ಇದ್ದರೆ ಆ ಹಣ್ಣನ್ನು ಬಿಡಬೇಕು. ಆ ಹೊತ್ತಿಗೆ ಮಲ್ಲಿಕಾ ಬಂದಿರುತ್ತದೆ, ಅದಕ್ಕೆ ಕೈಚಾಚಬಹುದು. ಅಲ್ಲಿಯವರೆಗೆ ಇಬ್ಬರಿರುವ ಮನೆಗೆ ವಾರಕ್ಕೆ 3 ಕಿಲೋ ಬಲಿತ ರಸಪುರಿ ಕಾಯಿಯನ್ನು ತಂದು, ಪೆಟ್ಟಿಗೆಯಲ್ಲಿ ಮಾಗಿಸುತ್ತಾ, ಒಬ್ಬರಿಗೆ ದಿನಕ್ಕೆ ಒಂದರಂತೆ ತಿನ್ನುವುದು ನಾನು ಧೈರ್ಯವಾಗಿ ಶಿಫಾರಸು ಮಾಡುವ ಅಳತೆ.